ಸೈತಾನನ ಜೊತೆ ಹೆಜ್ಜೆಯಮ್ಮನ ಚೌಕಾಸಿ

ಸಿನಿಮಾದಲ್ಲಿ ನಾಯಕ ಮೆಟ್ಟಿಲು ಹತ್ತಿದರೆ ಆ ಟಕ್ ಟಕ್ ಸದ್ದು ಅವನ ಬೂಟಿನದೇ ಎಂದು ನಂಬಿ ಕೂತವರು ನೀವು. ನಂಬಿಕೊಳ್ಳಿ, ಯಾರು ಬೇಡ ಅಂದರು. ಆದರೆ ಆ ಸದ್ದು ಅವನದಲ್ಲ, ಹೆಜ್ಜೆಯಮ್ಮನದು. ಚಿತ್ರ ತೆಗೆಯುವ ಜಾಗದಲ್ಲಿ ಜನರ ಗಲಾಟೆ, ಗಾಳಿ, ಜನರೇಟರು. ಅಲ್ಲಿ ಹೆಜ್ಜೆ ಯಾರ ಕಿವಿಗೆ ಬೀಳಬೇಕು? ಅದಕ್ಕೇ ಆಮೇಲೆ ಒಂದು ಮುಚ್ಚಿದ ಕೋಣೆಯಲ್ಲಿ ತೆರೆಯ ಮೇಲೆ ಚಿತ್ರ ಓಡಿಸಿ, ಅಲ್ಲಿನ ಕಾಲಿಗೆ ಸರಿಯಾಗಿ ಇಲ್ಲಿ ಒಬ್ಬರು ಮೈಕಿನ ಮುಂದೆ ನಡೆಯುತ್ತಾರೆ. ಆ ನಡೆಯುವವಳೇ ಹೆಜ್ಜೆಯಮ್ಮ. ಕಳ್ಳ ಓಡಿದರೂ ಅವಳೇ, ಅವನ ಬೆನ್ನು ಹತ್ತಿದ ಪೊಲೀಸನೂ ಅವಳೇ. ಅರವತ್ತು ದಾಟಿದ, ಮಂಡಿ ಹಿಡಿದ, ಬಾಯಿ ಜೋರಿನ ಹೆಂಗಸು.

ಅವಳು ನಡೆಯುವ ಕೋಣೆಯ ನೆಲ ಒಂದು ಕಡೆ ಹಲಗೆ, ಇನ್ನೊಂದು ಕಡೆ ಕಲ್ಲುಚಪ್ಪಡಿ, ಮೂಲೆಯಲ್ಲಿ ಒಂದು ತಟ್ಟೆ ಮರಳು, ಒಂದು ತಟ್ಟೆ ಜಲ್ಲಿ. ಗೋಡೆಯುದ್ದಕ್ಕೂ ಚಪ್ಪಲಿ, ಬೂಟು. ಗಾಜಿನ ಆಚೆ, ಸದ್ದು ಹಿಡಿಯುವ ಯಂತ್ರದ ಮುಂದೆ ಕೂತಿರುವವಳು ಅವಳ ಸೊಸೆ. "ಅತ್ತೆ, ಇನ್ನೊಂದ್ಸಲ. ಎಡಗಾಲು ತಡ ಆಯ್ತು" ಎಂದು ಸೊಸೆ ಹೇಳುವುದು, ಅತ್ತೆ ಗೊಣಗಿಕೊಂಡು ಮತ್ತೆ ನಡೆಯುವುದು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಈ ಕೋಣೆಯಲ್ಲಿ ಇಬ್ಬರ ಕಾಲವೂ ಒಟ್ಟಿಗೇ ನಡೆಯುತ್ತಿತ್ತು.

ಇಬ್ಬರ ನಡುವೆ ಇರಬೇಕಾದ ಮಗ ಇಲ್ಲ. ಸತ್ತಿಲ್ಲ, ಗುಂಡುಕಲ್ಲಿನ ಹಾಗಿದ್ದಾನೆ. ಬೇರೊಬ್ಬಳನ್ನು ಕಟ್ಟಿಕೊಂಡು ಬೇರೆ ಊರಿಗೆ ಹೋಗಿ ವರ್ಷಗಳಾದವು. ಅವನು ಹೋದ ದಿನ ಸೊಸೆ ಪೆಟ್ಟಿಗೆ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಳು. ತವರಿನಲ್ಲಿ ಯಾರೂ ಉಳಿದಿರಲಿಲ್ಲ, ಎಲ್ಲಿಗೆ ಹೊರಟಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ. ಹೆಜ್ಜೆಯಮ್ಮ ಆ ಪೆಟ್ಟಿಗೆಯನ್ನು ಕಿತ್ತುಕೊಂಡು, "ಹೋದೋನು ಹೋದ, ನೀನ್ಯಾಕೆ ಹೋಗ್ಬೇಕು? ಒಲೆ ಮೇಲೆ ಹಾಲಿದೆ, ಉಕ್ಕತ್ತೆ ನೋಡು" ಎಂದಳು. ಸೊಸೆ ಹೋಗಿ ಒಲೆ ಆರಿಸಿದಳು. ಮುಂದೆ ಕೋರ್ಟಿನಲ್ಲಿ ಗಂಡ ಹೆಂಡತಿ ಅನ್ನುವ ಸಂಬಂಧ ಮುರಿಯಿತು. ಅತ್ತೆ ಸೊಸೆ ಅನ್ನುವುದನ್ನು ಮುರಿಯಿರಿ ಎಂದು ಯಾರೂ ಅರ್ಜಿ ಹಾಕಿರಲಿಲ್ಲವಾದ್ದರಿಂದ ಅದು ಹಾಗೇ ಉಳಿದುಕೊಂಡಿತು.

ಈ ಸಲ ಅವರ ಕೈಗೆ ಬಂದದ್ದು ಒಂದು ನಗೆಯ ಚಿತ್ರ. ಪೆದ್ದ ಗುಮಾಸ್ತನೊಬ್ಬ ಎದುರು ಮೇಜಿನ ಹುಡುಗಿಗೆ ಮನಸ್ಸು ಕೊಟ್ಟು, ಬಾಯಿಬಿಟ್ಟು ಹೇಳಲಾರದೆ, ತನ್ನ ಆತ್ಮವನ್ನು ಸೈತಾನನಿಗೆ ಬರೆದುಕೊಟ್ಟು ವರ ಕೇಳುತ್ತಾನೆ. ಕೇಳಿದ್ದೆಲ್ಲ ಸಿಗುತ್ತದೆ, ಸಿಕ್ಕಿದ್ದೆಲ್ಲ ಎಡವಟ್ಟಾಗುತ್ತದೆ. ಶ್ರೀಮಂತನಾಗಬೇಕು ಅಂದರೆ ಹಲ್ಲಿಲ್ಲದ ಮುದುಕ ಶ್ರೀಮಂತನಾಗುತ್ತಾನೆ. ಸದಾ ಅವಳ ಜೊತೆಗಿರಬೇಕು ಅಂದರೆ ಅವಳ ನಾಯಿಯಾಗುತ್ತಾನೆ. ಸೈತಾನನ ವೇಷದವನಂತೂ ನೋಡಿದರೆ ನಗು ಬರುವಂಥವನು: ಗುಡಾಣದ ಹೊಟ್ಟೆ, ಇಸ್ತ್ರಿ ಸೂಟು, ಕೆಂಪು ಬೂಟು, ಸೂಟಿನ ಹಿಂದಿನಿಂದ ಇಣುಕುವ ಬಾಲ. ಬಾಲ ಬೀಸುವ ಸದ್ದಿಗೆ ಹೆಜ್ಜೆಯಮ್ಮ ಚರ್ಮದ ಬೆಲ್ಟು ಇಟ್ಟುಕೊಂಡಿದ್ದಳು, ರೆಕ್ಕೆಗೆ ಹಳೆಯ ಕೊಡೆ, ಅವನು ಮಾಯವಾಗುವಾಗಿನ ಗುಡುಗಿಗೆ ಅವಳೆತ್ತರದ ಒಂದು ತಗಡು.

ಒಂದು ತುಣುಕು ಮಾತ್ರ ಅವಳ ಪ್ರಾಣ ಹಿಂಡಿತು. ಸೈತಾನ ಕಿಟಕಿಯಿಂದ ಮಂಚದವರೆಗೆ ನಡೆದು ಬಂದು ನಿಲ್ಲುತ್ತಾನೆ. ನೇರ ನೋಡುವವರ ಕಡೆ ತಿರುಗಿ ಹುಬ್ಬೇರಿಸುತ್ತಾನೆ, ಏನು ಬೇಕು ಕೇಳು ಅನ್ನುವ ಹಾಗೆ ಅಂಗೈ ಚಾಚುತ್ತಾನೆ, ಎರಡು ಸಲ ತಲೆಯಾಡಿಸಿ ಮಾಯವಾಗುತ್ತಾನೆ. ಹೆಜ್ಜೆ, ಬಾಲ, ಗುಡುಗು ಮೂರೂ ಸರಿಯಾಗಿ ಕೂಡುವವರೆಗೆ ಆ ತುಣುಕು ಮುಗಿದು ಮತ್ತೆ ಮೊದಲಿಂದ ಬರುತ್ತಲೇ ಇರುತ್ತದೆ. ಮಾತು ಇನ್ನೂ ಸೇರಿಸಿರಲಿಲ್ಲ. ಹಾಗಾಗಿ ಅವನು ದಿನವಿಡೀ ಮೂಕನಾಗಿ ಬಂದು, ಕೈಚಾಚಿ, ತಲೆಯಾಡಿಸಿ ಹೋಗುತ್ತಿದ್ದ.

ಇನ್ನು ಕತ್ತರಿ. ಚಿತ್ರವನ್ನು ಕತ್ತರಿಸಿ ಜೋಡಿಸುವವನಾದ್ದರಿಂದ ಎಲ್ಲರ ಬಾಯಲ್ಲೂ ಅವನು ಕತ್ತರಿ. ನಲವತ್ತರ ಹತ್ತಿರದ ಮನುಷ್ಯ, ಮಾತು ಶುರು ಮಾಡುವ ಮುಂಚೆ ಕನ್ನಡಕ ಒರೆಸುವವನು. ಕುಳಿತಲ್ಲಿಂದಲೇ ಕಳಿಸಬಹುದಾದ ಚಿತ್ರದ ಭಾಗಗಳನ್ನು ಅವನು ಕೈಯಲ್ಲಿ ಹಿಡಿದು, ಲಿಫ್ಟಿಲ್ಲದ ಕಟ್ಟಡದ ಮೂರು ಮಹಡಿ ಹತ್ತಿ ತಂದುಕೊಡುತ್ತಿದ್ದ. "ಯಾಕಪ್ಪ, ನಿಮ್ಮಲ್ಲಿ ಇಂಟರ್‌ನೆಟ್ ಇಲ್ವಾ?" ಎಂದು ಹೆಜ್ಜೆಯಮ್ಮ ಕೇಳಿದರೆ, "ತುಂಬಾ ನಿಧಾನ ಅಮ್ಮ" ಎನ್ನುತ್ತಿದ್ದ. ನಿಧಾನವಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಅವನ ಹೆಜ್ಜೆ ಮೆಟ್ಟಿಲಲ್ಲಿ ಕೇಳಿದ ಕೂಡಲೆ ಗಾಜಿನಾಚೆ ಸೊಸೆ ಕೂದಲು ಸರಿಮಾಡಿಕೊಳ್ಳುವುದನ್ನು ಹೆಜ್ಜೆಯಮ್ಮ ನೋಡಿದ್ದಳು. ಮನೆಯಲ್ಲಿ ಸೊಸೆಯ ನಡಿಗೆಯೇ ಬದಲಾಗಿತ್ತು. ಎಳೆದುಕೊಂಡು ಹೋಗುತ್ತಿದ್ದ ಚಪ್ಪಲಿ ಈಗ ನೆಲಕ್ಕೆ ಹಗುರಾಗಿ ತಾಗುತ್ತಿತ್ತು. ಆ ಸದ್ದು ಕೇಳಿ ಹೆಜ್ಜೆಯಮ್ಮನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಭಯವಾಯಿತು.

ಭಯ ಏನೆಂದರೆ ಇದು. ಸೊಸೆಯ ಗಂಡನಿಗೆ ಏನನ್ನುತ್ತಾರೆ? ಮಗ ಅನ್ನುತ್ತಾರೆ. ಕತ್ತರಿ ಮಗನಲ್ಲ. ಅವನಿಗೂ ಎಲ್ಲೋ ಒಬ್ಬ ತಾಯಿ ಇದ್ದಾಳು, ನಾಳೆ ಅವಳೇ ಇವಳಿಗೆ ಅತ್ತೆ. ಆಗ ತಾನು ಯಾರು? ಮಾಜಿ ಮಂತ್ರಿ ಕೇಳಿದ್ದೇವೆ, ಮಾಜಿ ಅತ್ತೆ ಅಂತ ಎಲ್ಲಾದರೂ ಕೇಳಿದ್ದೀರಾ? ಹೆಜ್ಜೆಯಮ್ಮ ಇದನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ಯೋಚಿಸಿದಳು. ಯಾವ ಕಡೆಯಿಂದ ನೋಡಿದರೂ ಅವಳಿಗೆ ಜಾಗ ಕಾಣಲಿಲ್ಲ.

ಒಂದು ಮಧ್ಯಾಹ್ನ ಸೆಕೆಯೆಂದರೆ ಸೆಕೆ. ಸದ್ದು ಹಿಡಿಯುವಾಗ ಫ್ಯಾನು, ಏಸಿ ಏನೂ ಓಡುವಂತಿಲ್ಲ, ಅವುಗಳ ಗುಂಯ್ ಅನ್ನುವುದೂ ಮೈಕಿಗೆ ಬೀಳುತ್ತದೆ. ಅಭ್ಯಾಸದ ಹೊತ್ತಿಗಾದರೂ ಗಾಳಿ ಬರಲಿ ಎಂದು ಮೆಟ್ಟಿಲ ಕಡೆಯ ಬಾಗಿಲನ್ನು ಸ್ವಲ್ಪ ತೆರೆದಿಟ್ಟಿದ್ದರು. ಸೊಸೆಯ ಫೋನು ಹೊಳೆಯಿತು. "ಒಂದ್ನಿಮಿಷ ಅತ್ತೆ, ನೀವು ಅಭ್ಯಾಸ ಮಾಡ್ತಿರಿ" ಎಂದು ಅವಳು ನಗುವನ್ನು ತುಟಿಯಲ್ಲಿ ಕಚ್ಚಿಕೊಂಡು ಕಟ್ಟಡದ ತಾರಸಿಗೆ ಹತ್ತಿಹೋದಳು. ಆ ನಗು ಹೆಜ್ಜೆಯಮ್ಮನ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ತೆರೆಯ ಮೇಲೆ ಸೈತಾನ ಬಂದು ಅಂಗೈ ಚಾಚಿದ.

"ನೋಡಪ್ಪ," ಎಂದಳು ಹೆಜ್ಜೆಯಮ್ಮ ಅವನಿಗೆ. "ನಿಂಗೆ ಕಾಲು ಕೊಟ್ಟೋಳು ನಾನು. ನಾನಿಲ್ದಿದ್ರೆ ನೀನು ಗಾಳೀಲಿ ತೇಲ್ತಿದ್ದೆ. ಆ ಋಣಕ್ಕಾದ್ರೂ ನಂಗೊಂದು ವರ ಕೊಡು."

ಸೈತಾನ ತಲೆಯಾಡಿಸಿ ಮಾಯವಾದ. ಮತ್ತೆ ಕಿಟಕಿಯಿಂದ ಬಂದು ಹುಬ್ಬೇರಿಸಿದ.

"ಆತ್ಮಗೀತ್ಮ ಅಂತ ಶುರು ಮಾಡ್ಬೇಡ. ಅರವತ್ತು ದಾಟಿದ ಆತ್ಮ ನಿಂಗ್ಯಾವ ಉಪಯೋಗಕ್ಕೆ? ಬೇಕಾದ್ರೆ ಈ ಎಡಗಡೆ ಮಂಡಿ ತಗೊಂಡ್ಹೋಗು, ನೋವೂ ಸೇರಿಸಿ ಕೊಡ್ತೀನಿ."

ಸೈತಾನ ತಲೆಯಾಡಿಸಿದ. ಇಷ್ಟು ಸಲೀಸಾಗಿ ಒಪ್ಪುವ ವ್ಯಾಪಾರಿ ಅವಳಿಗೆ ಹಿಂದೆ ಸಿಕ್ಕಿರಲಿಲ್ಲ. ಅವಳಿಗೆ ಧೈರ್ಯ ಬಂತು.

"ಆ ಕತ್ತರಿ ಇನ್ಮೇಲೆ ಈ ಮೆಟ್ಲು ಹತ್ತಬಾರದು. ಅವನ ಕಾಲು ಮುರಿಯ." ಮುಂದಿನದು ತಾನಾಗಿ ಹೊರಗೆ ಬಂತು. "ನನ್ಮಗ ಬಿಟ್ಟೋದಾಗ ನಾನು ಅಳ್ಲಿಲ್ಲ ಕಣೋ. ಇವಳಿದ್ಲು, ಅಳ್ಲಿಲ್ಲ. ಇವಳೂ ಹೋದ್ರೆ ನಾನೇನ್ಮಾಡ್ಲಿ? ಊರೋರ ಹೆಜ್ಜೆಯೆಲ್ಲ ನಾನೇ ಹಾಕ್ತೀನಿ. ನಮ್ಮನೇಲಿ ಇವಳದು ಬಿಟ್ರೆ ನಂಗೆ ಯಾರ ಹೆಜ್ಜೆ ಕೇಳತ್ತೆ ಹೇಳು."

ಸೈತಾನ ಎರಡು ಸಲ ತಲೆಯಾಡಿಸಿದ. ಹೆಜ್ಜೆಯಮ್ಮ ಕಣ್ಣೊರೆಸಿಕೊಂಡು ತಗಡು ಹಿಡಿದು, ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಅಲುಗಾಡಿಸಿದಳು. ಕೋಣೆಯೇ ನಡುಗುವಂಥ ಗುಡುಗು ಎದ್ದಿತು, ಬಹಳ ಹೊತ್ತು ಅವಳ ಕಿವಿಯಲ್ಲಿ ಗುಯ್ಗುಟ್ಟಿತು.

ಸಂಜೆ ಅತ್ತೆ ಸೊಸೆ ಕೆಳಗಿಳಿದು ಬಂದರೆ ಕಾವಲುಗಾರ ಎದ್ದು ನಿಂತ. "ಕತ್ತರಿ ಸಾರು ನಿಮ್ಮ ಮೆಟ್ಲಿಂದ ಬಿದ್ದು ಕಾಲು ಮುರ್ಕೊಂಡ್ರು. ಆಸ್ಪತ್ರೆಗೆ ಸೇರಿಸಿ ಈಗ ಬಂದೆ. ನಿಮಗೆ ಹೇಳ್ಬೇಡ ಅಂದ್ರು, ಕೆಲಸ ಕೆಡತ್ತೆ ಅಂತ."

"ಬರ್ಬೇಡ ಅಂತ ಅಷ್ಟು ಹೇಳಿದ್ದೆ" ಎಂದು ತನ್ನಷ್ಟಕ್ಕೆ ಅಂದುಕೊಂಡು ಸೊಸೆ ರಸ್ತೆಗೆ ಓಡಿದಳು. ಹೆಜ್ಜೆಯಮ್ಮ ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಯಾಕಮ್ಮ, ಏನಾಯ್ತು?" ಎಂದ ಕಾವಲುಗಾರ. "ನಾನೇನ್ಮಾಡಿದೆ?" ಎಂದಳು ಅವಳು. ಪಾಪ, ಅವನು ಹಾಗೆ ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಯಾರೂ ಕಳ್ಳ ಅನ್ನುವ ಮೊದಲೇ ಅವಳು ಹೆಗಲು ಒರೆಸಿಕೊಳ್ಳುತ್ತಿದ್ದಳು.

ಕತ್ತರಿ ಕಾಲಿಗೆ ಪ್ಲಾಸ್ಟರು ಸುತ್ತಿಸಿಕೊಂಡು ಮನೆ ಸೇರಿದ. ಒಂಟಿ ಮನುಷ್ಯ, ತಾಯಿ ತೀರಿಹೋಗಿ ಬಹಳ ವರ್ಷವಾಗಿತ್ತು ಎಂದು ಸೊಸೆಯಿಂದ ತಿಳಿಯಿತು. ಆ ಅತ್ತೆಯ ಜೊತೆ ಮನಸ್ಸಿನಲ್ಲೇ ಅಷ್ಟು ಜಗಳ ಆಡಿದ್ದು ದಂಡವಾಯಿತು ಎಂದು ಹೆಜ್ಜೆಯಮ್ಮನಿಗೆ ಇನ್ನಷ್ಟು ನಾಚಿಕೆಯಾಯಿತು. ಸೊಸೆ ದಿನವೂ ಅವನಿಗೆ ಊಟ ಒಯ್ಯುತ್ತಿದ್ದಳು. ಹೆಜ್ಜೆಯಮ್ಮ ತಾನೇ ಡಬ್ಬಿ ಕಟ್ಟತೊಡಗಿದಳು, ಮುಚ್ಚಳ ಹಾಕಲು ಒತ್ತಿ ಹಿಡಿಯಬೇಕು, ಅಷ್ಟು ತುಂಬಿಸಿ. "ಅತ್ತೆ, ಅವರೊಬ್ರೇ ಇರೋದು" ಎಂದು ಸೊಸೆ ಹೇಳಿದರೆ, "ಮೂಳೆ ಕೂಡ್ಬೇಕು, ತಿನ್ಲಿ" ಎಂದು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅವಳಿಗೇ ಊಟ ಸೇರುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದನ್ನು ಯಾರ ಹತ್ತಿರ ಆಡಿದ್ದಳೋ ಅವನ ಹತ್ತಿರವೇ ವಾಪಸ್ಸು ಕೇಳಬೇಕು, ಬೇರೆ ದಾರಿ ಕಾಣಲಿಲ್ಲ.

ಆ ತುಣುಕಿನಲ್ಲಿ ಬಾಲದ ಸದ್ದು ಇನ್ನೂ ಕೂಡಿರಲಿಲ್ಲ. ಸೈತಾನ ಮತ್ತೆ ತೆರೆಗೆ ಬಂದ. ಗಾಜಿನಾಚೆ ಸೊಸೆ ಬೆನ್ನು ತಿರುಗಿಸಿ ಏನೋ ಹುಡುಕುತ್ತಿದ್ದಳು. ಹೆಜ್ಜೆಯಮ್ಮ ಬೆಲ್ಟು ಕೈಯಲ್ಲಿ ಹಿಡಿದುಕೊಂಡೇ ತೆರೆಯ ಹತ್ತಿರ ಹೋಗಿ ಪಿಸುಗುಟ್ಟಿದಳು.

"ಮೊನ್ನೆ ಕೊಟ್ಟಿದ್ದು ವಾಪಸ್ ತಗೋ. ಅವನ ಕಾಲು ಸರಿ ಮಾಡು."

ಸೈತಾನ ತಲೆಯಾಡಿಸಿದ.

"ಹೂಂ, ಆಡ್ಸು, ಎಲ್ಲದಕ್ಕೂ ಆಡ್ಸು. ನಿನ್ನ ನಂಬಿದೋರು ಉಂಟಾ? ಪುಕ್ಕಟೆ ಕೇಳ್ತಾ ಇಲ್ಲ. ಈ ಸಲ ಕೆಟ್ಟ ಮಂಡಿ ಕೊಟ್ಟು ಮೋಸ ಮಾಡಲ್ಲ." ಸೈತಾನ ಒಂದು ಸುತ್ತು ಬಂದು ಹೋದ, ಮತ್ತೆ ಬಂದು ಕೈಚಾಚಿದ. "ನನ್ನ ಹತ್ರ ಇರೋದು ಒಂದೇ. ಇವಳನ್ನ ಅವನಿಗೆ ಕೊಡು. ನಾನು ಅಡ್ಡ ಬರಲ್ಲ. ಅವಳು ಅಲ್ಲಿ ಹಗುರಾಗಿ ಓಡಾಡ್ಕೊಂಡಿರ್ಲಿ, ನಂಗೆ ಕೇಳ್ದಿದ್ರೂ ಪರವಾಗಿಲ್ಲ."

ಮೇಲಿನ ಸ್ಪೀಕರು ಕರಕರ ಎಂದಿತು. "ಅತ್ತೆ," ಎಂದಿತು ಸೊಸೆಯ ದನಿ. "ಮೈಕ್ ಆನಲ್ಲಿದೆ."

ಜೀವಮಾನವೆಲ್ಲ ಮೈಕಿನ ಮುಂದೆ ನಡೆದವಳಿಗೆ ಮೈಕು ಇದೆ ಅನ್ನುವುದೇ ಮರೆತುಹೋಗಿತ್ತು. ಹೆಜ್ಜೆಯಮ್ಮನ ಕೈಯಿಂದ ಬೆಲ್ಟು ಜಾರಿತು.

"ಮೊನ್ನೆನೂ ಆನಲ್ಲೇ ಇತ್ತು," ಎಂದಳು ಸೊಸೆ. "ಫೋನ್ ಬಂತಲ್ಲ, ನಿಲ್ಸೋದು ಮರ್ತು ಮೇಲೆ ಹೋಗ್ಬಿಟ್ಟಿದ್ದೆ. ಅವತ್ತಿನ ರೆಕಾರ್ಡಿಂಗ್ ಇವತ್ತು ಬೆಳಿಗ್ಗೆ ಸಿಕ್ತು. ಇಲ್ಲಿ ಬನ್ನಿ."

ಹೆಜ್ಜೆಯಮ್ಮ ಗಾಜಿನಾಚೆಯ ಕೋಣೆಗೆ ಹೋದಳು. ಸೊಸೆಯ ಕಣ್ಣು ಕೆಂಪಾಗಿತ್ತು, ಆದರೆ ಬೈಯಲಿಲ್ಲ. ಅತ್ತೆಯ ಕಿವಿಗೆ ಹೆಡ್‌ಫೋನು ಹಾಕಿ ಗುಂಡಿ ಒತ್ತಿದಳು. ಮೊದಲು ಕೇಳಿದ್ದು ಅವಳದೇ ದನಿ: ನೋಡಪ್ಪ, ನಿಂಗೆ ಕಾಲು ಕೊಟ್ಟೋಳು ನಾನು. ಕಿವಿ ಕಿತ್ತಿಡೋಣ ಅನ್ನಿಸಿತು. "ನಿಮ್ಮ ಮಾತು ಬಿಡಿ," ಎಂದಳು ಸೊಸೆ. "ಹಿಂದ್ಗಡೆ ಕೇಳಿ."

ಮಾತಿನ ಹಿಂದೆ, ತೆರೆದ ಬಾಗಿಲಿನ ಆಚೆ, ಮೆಟ್ಟಿಲು ಹತ್ತಿ ಬರುವ ಬೂಟು ಕೇಳಿತು. ಕತ್ತರಿಯದು. ಬಂದು ನಿಂತಿತು, ಕಾಲೊರಸಿಗೆ ಉಜ್ಜಿಕೊಂಡಿತು. ಅಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾನೆ. ಅವನ ಕಾಲು ಮುರಿಯ ಅಂದಾಗ ಬೂಟು ಒಂದು ಹೆಜ್ಜೆ ಹಿಂದೆ ಹೋಯಿತು. ಹೋಗಲೇಬೇಕಲ್ಲ, ಯಾರಾದರೂ ಹೋಗುತ್ತಾರೆ. ಆಮೇಲೆ ಅವಳು ಮಗನ, ಸೊಸೆಯ ವಿಷಯ ಹೇಳಿಕೊಂಡ ಮಾತುಗಳು. ಆ ಮಾತು ಮುಗಿಯುವಷ್ಟರಲ್ಲಿ ಬೂಟು ಮುಂದೆ ಬಂತು. ಒಂದು ಹೆಜ್ಜೆ, ಇನ್ನೊಂದು. ಮೆಲ್ಲಗೆ, ಅಳುವವರಿರುವ ಕೋಣೆಗೆ ಹೋಗುವವರು ಇಡುವಂಥ ಹೆಜ್ಜೆ. ಬಾಗಿಲು ಒಂಚೂರು ಕಿರ್ ಎಂದಿತು. ಅಷ್ಟರಲ್ಲಿ ತಗಡು ಗುಡುಗಿತು. ಗುಡುಗು ಇಳಿದ ಮೇಲೆ ಎಲ್ಲೋ ಕೆಳಗಿಂದ ಸಣ್ಣಗೆ, "ಅಯ್ಯಮ್ಮಾ."

ಹೆಜ್ಜೆಯಮ್ಮ ಹೆಡ್‌ಫೋನು ತೆಗೆದಳು. "ಓಡಿಹೋಗ್ತಿರಲಿಲ್ಲ ಅವನು," ಎಂದಳು. "ಒಳಗ್ಬರ್ತಿದ್ದ."

"ಹೂಂ."

"ಶಾಪಕ್ಕಲ್ಲ, ನನ್ನ ತಗಡಿಗೆ ಬೆಚ್ಚಿಬಿದ್ದಿದ್ದು."

"ಹೂಂ ಅತ್ತೆ."

"ಅಷ್ಟಕ್ಕೂ ಆ ಬಿಸಿಲಲ್ಲಿ ಯಾಕೆ ಬಂದಿದ್ದ ಅವನು?"

"ನಿಮ್ಮನ್ನ ಕೇಳೋಕೆ. ನಿಮ್ಮ ಮಂಡಿ ನೋಯ್ತಿದೆ, ಮೂಡ್ ಸರಿಯಿಲ್ಲ, ಇವತ್ತು ಬೇಡ ಅಂತ ಫೋನಲ್ಲೇ ಹೇಳಿದ್ದೆ. ಕೇಳ್ಲಿಲ್ಲ."

"ನನ್ನನ್ನ ಏನು ಕೇಳೋದು?"

"ಮದುವೆ ವಿಷಯ. ನಂಗೆ ಬೇರೆ ಯಾರಿದಾರೆ ಅತ್ತೆ, ಹೋಗಿ ಕೇಳೋಕೆ?" ಎಂದಳು ಸೊಸೆ. "ನೀವು ಬೇಡ ಅಂದ್ರೆ ಬೇಡ ಅಂತ ಅವರಿಗೆ ಮೊದ್ಲೇ ಹೇಳಿಟ್ಟಿದೀನಿ."

ಹೆಜ್ಜೆಯಮ್ಮ ಸೊಸೆಯ ಮುಖ ನೋಡಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಉಂಡು ಮಲಗಿದವಳು ತನ್ನ ಬದುಕನ್ನು ಹೀಗೆ ಅತ್ತೆಯ ಕೈಯಲ್ಲಿಟ್ಟು ಸುಮ್ಮನಿದ್ದಾಳೆ, ಅತ್ತೆ ಹೋಗಿ ಸಿನಿಮಾ ಸೈತಾನನ ಜೊತೆ ವ್ಯಾಪಾರಕ್ಕೆ ಕೂತಿದ್ದಾಳೆ. ಬೇಡ ಎಂಬ ಒಂದು ಮಾತು ಸಾಕಿತ್ತು. ಆ ಮಾತು ಈಗಲೂ ಬಾಯಲ್ಲೇ ಇತ್ತು, ಆದರೆ ಅದನ್ನು ಆಡುವ ಆಸೆ ಹೋಗಿತ್ತು. ಅವಳು ಎದ್ದು, ಗೋಡೆಯ ಬೂಟುಗಳನ್ನೆಲ್ಲ ಬಿಟ್ಟು ತನ್ನ ಸ್ವಂತ ಚಪ್ಪಲಿ ಮೆಟ್ಟಿಕೊಂಡಳು.

"ಅವನ ಮನೆ ತೋರ್ಸು, ನಡಿ."

ಕತ್ತರಿಯ ಮನೆಯೂ ಮೇಲಿನ ಮಹಡಿಯಲ್ಲೇ. ಸೊಸೆಯನ್ನು ಕೆಳಗೇ ನಿಲ್ಲಿಸಿದಳು. "ನೀನಿಲ್ಲಿರು, ಇದು ದೊಡ್ಡೋರ ಮಾತು" ಎಂದು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಒಂದು ಕಾಲು ಠಕ್, ಇನ್ನೊಂದು ಎಳೆತ, ನಡುವೆ ಉಸಿರು. ಯಾವ ಚಿತ್ರದಲ್ಲೂ ಕೇಳದ ನಡಿಗೆ ಅದು. ಅವಳ ಸಾವಿರ ನಡಿಗೆಗಳನ್ನು ಕತ್ತರಿಸಿ ಜೋಡಿಸಿದ ಕತ್ತರಿಗೂ ಇದು ಯಾರದೆಂದು ಗುರುತು ಸಿಗಲಿಲ್ಲ.

"ಯಾರು?" ಎಂದ ಒಳಗಿಂದ.

"ಕಾಲು ಮುರಿಯೋಳು. ಒಳಗ್ಬರ್ಲಾ?"

ಅಗುಳಿ ಹಾಕಿರಲಿಲ್ಲ. ಕತ್ತರಿ ಮಂಚದ ಮೇಲೆ ಪ್ಲಾಸ್ಟರಿನ ಕಾಲು ಚಾಚಿಕೊಂಡು ಕೂತಿದ್ದ. ಅವಳನ್ನು ನೋಡಿ ಏಳಲು ಹೋಗಿ, ಆಗದೆ, ಕನ್ನಡಕ ತೆಗೆದು ಒರೆಸತೊಡಗಿದ. ಪಕ್ಕದಲ್ಲಿ ಅವಳ ಊಟದ ಡಬ್ಬಿ ಖಾಲಿಯಾಗಿ, ತೊಳೆದು ಬೋರಲು ಹಾಕಿತ್ತು. ಮುರಿದ ಕಾಲಲ್ಲಿ ಎದ್ದು ಡಬ್ಬಿ ತೊಳೆದಿದ್ದಾನೆ. ಹೆಜ್ಜೆಯಮ್ಮ ಕುರ್ಚಿ ಎಳೆದುಕೊಂಡು ಅವನೆದುರು ಕೂತಳು.

"ಅವತ್ತು ಏನೋ ಕೇಳೋಕೆ ಬಂದಿದ್ಯಂತೆ. ಈಗ ಕೇಳು."

ಅವನು ಕನ್ನಡಕ ಹಾಕಿಕೊಂಡ. ಬಹಳ ದಿನ ಬಾಯಿಪಾಠ ಮಾಡಿಟ್ಟದ್ದನ್ನು ಒಪ್ಪಿಸುವವನ ಹಾಗೆ ಬೆನ್ನು ನೆಟ್ಟಗೆ ಮಾಡಿದ. "ಅಮ್ಮ, ನಿಮ್ಮ ಮಗಳನ್ನ ನಂಗೆ ಕೊಡ್ತೀರಾ?"

ಹೆಜ್ಜೆಯಮ್ಮ ತಿದ್ದಲು ಬಾಯಿ ತೆರೆದಳು. ಮಗಳಲ್ಲಪ್ಪ, ಸೊಸೆ. ಆದರೆ ತಿದ್ದಲಿಲ್ಲ. ಅಷ್ಟು ದಿನ ಅತ್ತ ಇತ್ತ ತಿರುಗಿಸಿ ಹುಡುಕಿದರೂ ಸಿಗದ ಜಾಗ ಇಲ್ಲೇ ಇತ್ತಲ್ಲ, ಈ ಪೆದ್ದ ಅದನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದನಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬಂತು. ಮಗ ಹೋದಾಗ ಅಳದೆ ಉಳಿಸಿಕೊಂಡಿದ್ದೂ ಅದರ ಜೊತೆಗೇ ಬಂತು. ಅವನು ಗಾಬರಿಯಾಗಿ ನೀರಿನ ಲೋಟ ಚಾಚಿದ.

"ಬೇಡ ಅನ್ಸಿದ್ರೆ ಬೇಡಮ್ಮ. ಅವಳನ್ನ ನಿಮ್ಮಿಂದ ದೂರ ಕರ್ಕೊಂಡ್ಹೋಗ್ತೀನಿ ಅಂತ ಅಲ್ಲ. ಎಲ್ಲಿರೋದು, ಹೇಗಿರೋದು, ನೀವು ಹೇಳ್ದಂಗೆ."

"ಎಲ್ಲಿರೋದು ಅಂತ ಆಮೇಲೆ ಜಗಳ ಆಡೋಣ, ಟೈಮಿದೆ" ಎಂದು ಅವಳು ಸೆರಗಿನಿಂದ ಮೂಗೊರೆಸಿಕೊಂಡಳು.

"ಹಾಗಾದ್ರೆ..." ಅವನು ಅಂಜುತ್ತ ನಕ್ಕ. "ಬದಲಿಗೆ ನಾನೇನು ಕೊಡ್ಬೇಕು?"

ಹೆಜ್ಜೆಯಮ್ಮ ಪ್ಲಾಸ್ಟರಿನ ಮೇಲೆ ಮೆಲ್ಲಗೆ ಕೈಯಿಟ್ಟಳು. "ಮೊದ್ಲೇ ಕೊಟ್ಟಿದೀಯಲ್ಲಪ್ಪ."

ಆಮೇಲೆ ಅವಳು ಹುಬ್ಬೇರಿಸಿ ಅವನನ್ನು ನೋಡಿ, ಎರಡು ಸಲ ತಲೆಯಾಡಿಸಿದಳು. ಆ ತುಣುಕನ್ನು ಎಷ್ಟೋ ಸಲ ಕತ್ತರಿಸಿ ಜೋಡಿಸಿದ್ದ ಕತ್ತರಿಗೆ ಅದು ಯಾರು ತಲೆಯಾಡಿಸುವ ರೀತಿ ಎಂದು ಗೊತ್ತಾಗಿ ನಗು ತಡೆಯಲಾಗಲಿಲ್ಲ. ಅವನು ನಗುವುದನ್ನು ಕೇಳಿ ಕೆಳಗಿದ್ದವಳಿಗೆ ನಿಲ್ಲಲಾಗಲಿಲ್ಲವೆಂದು ಕಾಣುತ್ತದೆ. ಮೆಟ್ಟಿಲಲ್ಲಿ ಹೆಜ್ಜೆ ಕೇಳಿತು, ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿ ಬರುವ ಹಗುರಾದ ಹೆಜ್ಜೆ. ಮಂಚದ ಮೇಲಿದ್ದವನೂ ಕುರ್ಚಿಯಲ್ಲಿದ್ದವಳೂ ಮಾತು ನಿಲ್ಲಿಸಿ ಬಾಗಿಲ ಕಡೆ ತಿರುಗಿದರು.